ಸೀಲು ಹೊಡೆದ ಚೀಟಿ

ನಮ್ಮ ದೊಡ್ಡವ್ವನ ಎಲೆ-ಅಡಿಕೆ ಸಂಚಿಯ ಒಳಖಾನೆಯಲ್ಲಿ ಒಂದು ಚೀಟಿ ಇದೆ. ಅಂಗೈಯಷ್ಟೇ ದೊಡ್ಡದು. ಸುಣ್ಣ ತಾಗಿ ಒಂದು ಮೂಲೆ ಗಟ್ಟಿಯಾಗಿದೆ. ನೇರಳೆ ಸೀಲು ಅರ್ಧ ಮಾಸಿದೆ. ಒಂದು ತಾರೀಖು, ಒಂದು ಸಹಿ, ಕೆಲಸ ಕೇಳಿ ಕೊಟ್ಟ ಅರ್ಜಿ ತಲುಪಿದೆ ಎಂಬ ಒಂದು ಸಾಲು. ಅವಳಿಗೆ ಓದಲು ಬರುವುದಿಲ್ಲ. ಆದರೆ ಆ ಚೀಟಿ ಯಾಕೆ ಬೇಕು ಎಂದು ಕೇಳಿ ನೋಡಿ, ಎಲೆ ಮಡಚುತ್ತಾ ಅರ್ಧ ಗಂಟೆ ಹೇಳುತ್ತಾಳೆ.

ಅದು ನಮ್ಮ ಕೈಗೆ ಬರಲು ಎರಡು ತಿಂಗಳು ಹಿಡಿಯಿತು. ಆ ಎರಡು ತಿಂಗಳು ಮತ್ತು ಆಮೇಲಿನ ಆರು ತಿಂಗಳ ಕಥೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇದು 2017ರ ಮಾತು. ಆಮೇಲೆ ಎಷ್ಟೋ ನಿಯಮ ಬದಲಾಗಿವೆ. ಆಗ ಇದ್ದದ್ದನ್ನು ಇದ್ದ ಹಾಗೇ ಹೇಳುತ್ತೇನೆ. ಊರಿನ ಹೆಸರು ಬೇಡ. ಉತ್ತರ ಕರ್ನಾಟಕದ ಎರೆ ಭೂಮಿಯ ಒಂದು ಹಳ್ಳಿ ಅಂದುಕೊಳ್ಳಿ, ಸಾಕು.

ಆ ವರ್ಷಕ್ಕೆ ಬರ ಬಿದ್ದು ಮೂರನೇ ವರ್ಷ. ಕಡಲೆ, ಜೋಳ ಎರಡೂ ಕೈಕೊಟ್ಟಿದ್ದವು. ಸಂಕ್ರಮಣ ಮುಗಿಯುವ ಹೊತ್ತಿಗೆ ನಮ್ಮ ಓಣಿಯ ಅರ್ಧ ಮನೆಗಳಿಗೆ ಬೀಗ. ಗಂಡಸರು, ಹರೆಯದವರು, ಕೂಸು ಇದ್ದವರು ಕೂಸು ಕಟ್ಟಿಕೊಂಡು ಗೋವಾಕ್ಕೆ, ಬೆಂಗಳೂರಿಗೆ ಗುಳೆ ಹೋಗಿದ್ದರು. ಉಳಿದವರು ಮುದುಕರು, ಶಾಲೆಗೆ ಹೋಗುವ ಮಕ್ಕಳು, ಆ ಮಕ್ಕಳನ್ನು ಬಿಟ್ಟು ಹೋಗಲಾರದ ಹೆಂಗಸರು. ನಾನು ಪಿಯುಸಿ ಓದಿ ಆ ಊರಿಗೆ ಮದುವೆಯಾಗಿ ಬಂದವಳು. ಮನೆಯಲ್ಲೇ ಹೊಲಿಗೆ ಮಾಡುತ್ತೇನೆ, ಸಂಘದ ಲೆಕ್ಕ ಬರೆಯುತ್ತೇನೆ. ಹಾಗಾಗಿ ಅರ್ಜಿ ಬರೆಯಬೇಕೆಂದರೆ ಎಲ್ಲರೂ ನನ್ನ ಹತ್ತಿರ ಬರುವುದು ರೂಢಿ.

ಫೆಬ್ರವರಿಯಲ್ಲಿ ದೊಡ್ಡವ್ವನಿಗೆ ಉದ್ಯೋಗ ಖಾತ್ರಿ ಕೆಲಸ ಬೇಕು ಎಂದು ಬಿಳಿ ಹಾಳೆಯಲ್ಲಿ ಬರೆದು ಮೂರು ಕಿಲೋಮೀಟರ್ ನಡೆದು ಪಂಚಾಯಿತಿಗೆ ಕೊಟ್ಟು ಬಂದೆ. "ಇಟ್ಟು ಹೋಗವಾ, ಕೆಲಸ ಬಂದ್ರ ಹೇಳಿ ಕಳಸ್ತೀವಿ" ಎಂದರು. ಇಟ್ಟು ಬಂದೆ. ಒಂದು ತಿಂಗಳಾದ ಮೇಲೆ ಹೋಗಿ ಕೇಳಿದರೆ, "ಯಾವ ಅರ್ಜಿ?"

ಆ ದಿನ ವಾಪಸ್ ಬರುವಾಗ ದಾರಿಯುದ್ದಕ್ಕೂ ದೊಡ್ಡವ್ವ ಮಾತಾಡಲಿಲ್ಲ. ಬಿಸಿಲಿಗೆ ಸೆರಗು ತಲೆಗೆ ಹೊದ್ದು ನನಗಿಂತ ಎರಡು ಹೆಜ್ಜೆ ಮುಂದೆ ನಡೆಯುತ್ತಿದ್ದಳು. ಊರು ಹತ್ತಿರ ಬಂದಾಗ ಒಂದೇ ಮಾತು ಅಂದಳು: "ಬೇಡಿಕೊಳ್ಳಾಕ ಹೋದ್ರ ಹಿಂಗ ಆಗ್ತದ." ಆ ಮಾತು ನನ್ನಲ್ಲಿ ಕೂತುಬಿಟ್ಟಿತು. ನಾನು ಬರೆದ ಕಾಗದದ ಮೊದಲ ಸಾಲು ಕೂಡ "ದಯಮಾಡಿ ಬೇಡಿಕೊಳ್ಳುವುದೇನೆಂದರೆ" ಎಂದೇ ಇತ್ತು.

ಮಾರ್ಚ್‌ನಲ್ಲಿ ಸಂಘದ ಸಭೆಗೆ ಪಕ್ಕದ ತಾಲ್ಲೂಕಿನ ಕೂಲಿಕಾರರ ಸಂಘಟನೆಯ ಅಕ್ಕ ಒಬ್ಬರು ಬಂದಿದ್ದರು. ಅವರೂ ಕೂಲಿ ಮಾಡುವವರೇ. ನನ್ನ ಕಥೆ ಕೇಳಿ ಅವರು ಕೇಳಿದ್ದು ಒಂದೇ ಪ್ರಶ್ನೆ: "ಸ್ವೀಕೃತಿ ಎಲ್ಲಿ?" ಇಲ್ಲ ಎಂದೆ. "ಹಂಗಾರ ನೀನು ಅರ್ಜಿ ಕೊಟ್ಟೇ ಇಲ್ಲ ಅಂತ ತಿಳ್ಕೊ" ಎಂದರು.

ಆಮೇಲೆ ಅವರು ಬೇವಿನ ಮರದ ಕೆಳಗೆ ಕೂತು ಕಾಯ್ದೆ ಹೇಳಿದರು. ಉದ್ಯೋಗ ಖಾತ್ರಿ ಕಾಯ್ದೆ 2005ರದ್ದು. ಮೊದಲು 200 ಜಿಲ್ಲೆಗಳಲ್ಲಿ ಶುರುವಾಗಿ 2008ಕ್ಕೆ ಇಡೀ ದೇಶದ ಹಳ್ಳಿಗಳಿಗೆ ಬಂತು. ಒಂದು ಮನೆಗೆ ವರ್ಷಕ್ಕೆ 100 ದಿನದ ಕೆಲಸ. ಇಷ್ಟು ನಮಗೆಲ್ಲ ಗೊತ್ತಿತ್ತು. ಗೊತ್ತಿಲ್ಲದ್ದು ಇದರ ಕೀಲಿ. ಕೆಲಸ ಬೇಕು ಎಂದು ನಮೂನೆ 6ರಲ್ಲಿ ಬರೆದುಕೊಡಬೇಕು. ಕಡಿಮೆ ಎಂದರೆ 14 ದಿನದ ಕೆಲಸ ಕೇಳಬೇಕು. ಒಬ್ಬೊಬ್ಬರೂ ಕೊಡಬಹುದು, ಗುಂಪಾಗಿಯೂ ಕೊಡಬಹುದು. ತಾರೀಖು ಹಾಕಿದ ಸ್ವೀಕೃತಿ ಕೊಡಲೇಬೇಕು. ಆ ತಾರೀಖಿನಿಂದ 15 ದಿನದೊಳಗೆ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ. ಮೊದಲ 30 ದಿನ ಕೂಲಿಯ ಕಾಲು ಭಾಗ, ಆಮೇಲೆ ಅರ್ಧ. ಈ ಭತ್ಯೆಯನ್ನು ರಾಜ್ಯ ಸರ್ಕಾರ ತನ್ನ ಗಂಟಿನಿಂದ ಕೊಡಬೇಕು, ಕೇಂದ್ರದ ಹಣದಿಂದಲ್ಲ. ಚೀಟಿ ಕೊಡಲು ಯಾಕೆ ಅಷ್ಟು ಹಿಂದೇಟು ಹಾಕುತ್ತಾರೆ ಎಂದು ನನಗೆ ಆಗ ಹೊಳೆಯಿತು. ಆ ತಾರೀಖು ಇಲ್ಲದಿದ್ದರೆ 15 ದಿನ ಎಣಿಸುವುದು ಎಲ್ಲಿಂದ?

ನನಗೆ ಖುಷಿಯಾಯಿತು. ನಾಳೆಯೇ ನಾನು ಹೋಗಿ ಕೇಳುತ್ತೇನೆ ಎಂದೆ. ಅಕ್ಕ ಬೇಡ ಎಂದರು. "ನೀನೊಬ್ಬಾಕಿ ತಿಳ್ಕೊಂಡ್ರ ಊರಿಗೆ ಇನ್ನೊಬ್ಬ ದಲ್ಲಾಳಿ ಹುಟ್ಟಿದಂಗ. ಎಲ್ಲಾರಿಗೂ ಬಾಯಿಪಾಠ ಆಗ್ಲಿ. ಆಮ್ಯಾಲ ಹೋಗ್ರಿ."

ಈ ಮಾತು ಆಗ ನನಗೆ ಸ್ವಲ್ಪ ನೋವು ಮಾಡಿತು. ಯೋಚಿಸಿದರೆ ಅದು ನಿಜವೇ ಆಗಿತ್ತು. ಮಾಹಿತಿ ಹಕ್ಕಿನ ಅರ್ಜಿ ಹಾಕುವುದನ್ನೇ ಕಸುಬು ಮಾಡಿಕೊಂಡ ಒಬ್ಬರನ್ನು ನಾನು ನೋಡಿದ್ದೆ. ಅರ್ಜಿ ಹಾಕುವುದು, ಕರೆದು ಮಾತಾಡಿಸಿದರೆ ಸುಮ್ಮನಾಗುವುದು. ಕಾನೂನು ಒಬ್ಬನ ಜೇಬಿನಲ್ಲಿದ್ದರೆ ಅದು ಮಾರಾಟಕ್ಕೆ ಬರುತ್ತದೆ. ನಾನು ಹಾಗೆ ಆಗುವುದಿಲ್ಲ ಎಂದು ಎದೆ ಮುಟ್ಟಿ ಹೇಳಬಲ್ಲೆ. ಆದರೆ ಊರಿನವರು ಆ ಭರವಸೆಯ ಮೇಲೆ ಯಾಕೆ ಬದುಕಬೇಕು?

ಮುಂದಿನ ಮೂರು ವಾರ ದಿನಾ ಸಂಜೆ, ಒಲೆ ಹಚ್ಚುವ ಮೊದಲು, ಬೇವಿನ ಕಟ್ಟೆಯಲ್ಲಿ ಸೇರಿದೆವು. ಮೊದಲ ದಿನ ಒಂಬತ್ತು ಜನ, ಆಮೇಲೆ ನಲವತ್ತು ದಾಟಿತು. ನಾನು ಸಾಲು ಓದುತ್ತಿದ್ದೆ, ಅವರು ಅದನ್ನು ತಮ್ಮ ಮಾತಿಗೆ ತಂದುಕೊಳ್ಳುತ್ತಿದ್ದರು. ಓದಲು ಬರದವರ ನೆನಪಿನ ಶಕ್ತಿ ಎಂಥದ್ದು ಎಂದು ನಾನು ಆ ದಿನಗಳಲ್ಲಿ ನೋಡಿದೆ. ಸೋಬಾನೆ ಪದ ನೂರಾರು ನೆನಪಿಟ್ಟವರಿಗೆ ಕಾಯ್ದೆಯ ಹತ್ತು ಸಾಲು ಯಾವ ಲೆಕ್ಕ? ನಮ್ಮ ಅತ್ತಿ ಅದನ್ನು ಬೆರಳಿಗೆ ಕಟ್ಟಿಕೊಂಡಿದ್ದಳು. ಹೆಬ್ಬೆರಳಿಗೆ ಅರ್ಜಿ, ತೋರುಬೆರಳಿಗೆ ಚೀಟಿ, ನಡುಬೆರಳಿಗೆ ಹದಿನೈದು ದಿನ, ಉಂಗುರ ಬೆರಳಿಗೆ ಭತ್ಯೆ, ಕಿರುಬೆರಳಿಗೆ ಮೇಲಿನ ಸಾಹೇಬರು. ಕಿರುಬೆರಳಿನ ಅರ್ಥ ಇಷ್ಟೇ: ಪಂಚಾಯಿತಿಯಲ್ಲಿ ಅರ್ಜಿ ತೆಗೆದುಕೊಳ್ಳದಿದ್ದರೆ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿ (ಇಒ) ಹತ್ತಿರ ಕೊಡಬಹುದು. ಎರಡೇ ದಿನದಲ್ಲಿ ಕಟ್ಟೆಯ ಮೇಲಿನ ಎಲ್ಲರೂ ಬೆರಳು ಮಡಚಿ ಹೇಳತೊಡಗಿದರು.

ಏಪ್ರಿಲ್ ಎರಡನೇ ವಾರ 43 ಜನ ನಮೂನೆ 6 ತುಂಬಿಕೊಂಡು ಹೊರಟೆವು. ಒಂದು ಕೆಲಸ ಅದಕ್ಕೂ ಮೊದಲು ಮಾಡಿದ್ದೆವು. ಪ್ರತಿಯೊಬ್ಬರ ಅರ್ಜಿಗೂ ಒಂದು ಜೆರಾಕ್ಸ್ ಪ್ರತಿ. ಸ್ವೀಕೃತಿ ಹಾಳೆ ಇಲ್ಲ ಎಂದರೆ ಆ ಪ್ರತಿಯ ಮೇಲೆಯೇ ಸೀಲು ಹಾಕಿಸಿಕೊಳ್ಳಲು.

ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ, ಕೆಟ್ಟವರೇನಲ್ಲ. ಇದನ್ನು ಹೇಳಲೇಬೇಕು. ಎರಡು ಪಂಚಾಯಿತಿಗಳ ಹೊಣೆ ಅವರೊಬ್ಬರ ಮೇಲಿತ್ತು. ಕ್ರಿಯಾ ಯೋಜನೆಯಲ್ಲಿ ಕಾಮಗಾರಿ ಇರಬೇಕು, ಎಂಜಿನಿಯರ್ ಅಂದಾಜು ಮಾಡಬೇಕು, ಮಂಜೂರಾತಿ ಬರಬೇಕು. ಇದ್ಯಾವುದೂ ಅವರ ಕೈಯಲ್ಲಿ ಪೂರ್ತಿ ಇರಲಿಲ್ಲ. ಆದರೆ ಅವರ ಕಷ್ಟವನ್ನು ಅವರು ಮೇಲೆ ಬರೆದು ತಿಳಿಸುವ ಬದಲು ನಮ್ಮ ಮೇಲೆ ಇಳಿಸುತ್ತಿದ್ದರು. ಅದೇ ತಪ್ಪು.

"ಅರ್ಜಿ ಇಡ್ರಿ, ನೋಡೋಣ."

"ಇಡ್ತೀವ್ರಿ. ಚೀಟಿ ಕೊಡ್ರಿ."

"ಚೀಟಿ ಎಲ್ಲಾ ಕೊಡೂದಿಲ್ಲ. ನಂಬಿಕಿ ಇಲ್ಲೇನು?"

ನಾನು ಬಾಯಿ ತೆರೆಯುವ ಮೊದಲೇ ಅವರು ನನ್ನ ಕಡೆ ಕೈ ತೋರಿಸಿದರು. "ಈಕಿ ನಾಕ್ ಅಕ್ಷರ ಕಲ್ತಾಳ. ಈಕಿ ಮಾತು ಕೇಳಿ ನೀವೆಲ್ಲಾ ಬಂದೀರಿ. ನಿಮಗೇನು ಗೊತ್ತೈತಿ?"

ಆಗ ದೊಡ್ಡವ್ವ ಮುಂದೆ ಬಂದಳು. ಟೇಬಲ್ಲಿನ ಅಂಚಿಗೆ ಎಡಗೈ ಊರಿದಳು. ಬಲಗೈ ಎತ್ತಿ ಒಂದೊಂದೇ ಬೆರಳು ಮಡಚುತ್ತಾ ಹೇಳಿದಳು. "ಅರ್ಜಿ ಕೊಟ್ಟೀವಿ. ಚೀಟಿ ಕೊಡಬೇಕು. ಇವತ್ತಿನಿಂದ ಹದಿನೈದು ದಿನ. ಕೊಡಲಿಲ್ಲಂದ್ರ ದಿನಕ್ಕ ಐವತ್ತೊಂಬತ್ತು ರೂಪಾಯಿ. ನೀವು ತಗೊಳ್ಳಲಿಲ್ಲಂದ್ರ ಮ್ಯಾಲಿನ ಸಾಹೇಬ್ರ ಕಡೆ ಹೋಗ್ತೀವಿ." ಐದು ಬೆರಳೂ ಮುಚ್ಚಿ ಮುಷ್ಟಿಯಾಗಿತ್ತು. ಅದನ್ನು ಹಾಗೇ ಟೇಬಲ್ಲಿನ ಮೇಲಿಟ್ಟಳು. "ನಮಗ ಓದಾಕ ಬರಾಂಗಿಲ್ರಿ. ಎಣಿಸಾಕ ಬರ್ತದ."

ಆ ವರ್ಷ ಏಪ್ರಿಲ್‌ನಿಂದ ಕೂಲಿ ದಿನಕ್ಕೆ 236 ರೂಪಾಯಿ ಆಗಿತ್ತು. ಅದರ ಕಾಲು ಭಾಗ 59. ಬಾಗಿಲಲ್ಲಿ ನಿಂತ ಒಬ್ಬಳು, ಹಿಂದಿನಿಂದ, "ನಲವತ್ತಮೂರು ಮಂದಿಗೆ ದಿನಕ್ಕ ಎಷ್ಟಾತು?" ಎಂದು ಕೂಗಿದಳು. ಯಾರೋ ಲೆಕ್ಕ ಹಾಕಿ 2,537 ಎಂದರು. ಪಿಡಿಒ ಸ್ವಲ್ಪ ಹೊತ್ತು ಕಿಟಕಿಯ ಕಡೆ ನೋಡಿದರು. ಆಮೇಲೆ ಗುಮಾಸ್ತನಿಗೆ ಸೀಲು ತರಲು ಹೇಳಿದರು. ಸೀಲಿನ ಮಸಿ ಒಣಗಿತ್ತು. ಎರಡು ಹನಿ ನೀರು ಹಾಕಿ ಒತ್ತಿದ್ದಕ್ಕೇ ನಮ್ಮ ಚೀಟಿಗಳ ಮೇಲಿನ ನೇರಳೆ ಬಣ್ಣ ಮೊದಲಿನಿಂದಲೂ ಅಷ್ಟು ತಿಳಿ.

ಹದಿಮೂರನೇ ದಿನ ಕೆರೆ ಹೂಳೆತ್ತುವ ಕೆಲಸ ಬಂತು.

ಕೆಲಸದ ಜಾಗದ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಬಿಸಿಲಿನಲ್ಲಿ ಮಣ್ಣು ಅಗೆಯುವುದು ಎಂದರೆ ಏನೆಂದು ಗೊತ್ತಿದ್ದವರಿಗೆ ಗೊತ್ತು. ಎರಡು ವಿಷಯ ಮಾತ್ರ. ಐದು ಅಥವಾ ಅದಕ್ಕಿಂತ ಹೆಚ್ಚು ಚಿಕ್ಕ ಮಕ್ಕಳು ಬಂದರೆ ಅವರನ್ನು ನೋಡಿಕೊಳ್ಳಲು ಒಬ್ಬ ಹೆಂಗಸನ್ನು ನೇಮಿಸಿ ಅದೇ ಕೂಲಿ ಕೊಡಬೇಕು ಎಂದು ಕಾಯ್ದೆಯಲ್ಲಿತ್ತು. ಏಳು ಮಕ್ಕಳಿದ್ದರು. ಕೇಳಿದೆವು. ದೊಡ್ಡವ್ವನಿಗೆ ಗುದ್ದಲಿ ಎತ್ತುವ ಶಕ್ತಿ ಇರಲಿಲ್ಲ, ಮಕ್ಕಳ ಕೆಲಸ ಅವಳದಾಯಿತು. ಜಾಲಿ ಮರಕ್ಕೆ ಸೀರೆ ಕಟ್ಟಿ ತೊಟ್ಟಿಲು ಮಾಡಿದಳು.

ಇನ್ನೊಂದು ಅಳತೆಯ ವಿಷಯ. ಮೊದಲ ವಾರದ ಕೂಲಿ 236ರ ಬದಲು 170ರ ಆಸುಪಾಸು ಬಂತು. ಕೇಳಿದರೆ, ಅಗೆದ ಮಣ್ಣಿನ ಅಳತೆಗೆ ತಕ್ಕಂತೆ ಕೂಲಿ, ನೀವು ಅಗೆದದ್ದು ಕಡಿಮೆ ಎಂದರು. ನಿಯಮ ಹಾಗೇ ಇತ್ತು, ಅದು ಸುಳ್ಳಲ್ಲ. ಆದರೆ ಅಳೆದವರು ಯಾರು, ನಾವು ನೋಡಿದ್ದೆವಾ? ಎರಡನೇ ವಾರದಿಂದ ಕಾಯಕ ಬಂಧು, ಅಂದರೆ ಕೂಲಿ ಗುಂಪಿನ ಮುಂದಾಳು, ಪುಸ್ತಕದಲ್ಲಿ ಬರೆದುಕೊಳ್ಳುವಾಗ ನಾವೂ ಬರೆದುಕೊಂಡೆವು. ನನ್ನ ಹತ್ತಿರ ಹೊಲಿಗೆಯ ಟೇಪಿತ್ತು, ಒಂದೂವರೆ ಮೀಟರಿನದು. ರವಿಕೆ ಅಳತೆ ತೆಗೆಯುವ ಟೇಪಿನಲ್ಲಿ ಗುಂಡಿಯ ಉದ್ದ, ಅಗಲ, ಆಳ ತೆಗೆದೆವು. ಎಂಜಿನಿಯರ್ ಬಂದಾಗ ನಮ್ಮ ಹಾಳೆ ಪಕ್ಕದಲ್ಲಿಟ್ಟೆವು. ಆ ವಾರ ಪೂರ್ತಿ ಕೂಲಿ ಬಂತು. ನಾವು ಅಗೆದದ್ದೂ ಹೆಚ್ಚಿತ್ತು ಎಂಬುದು ನಿಜ, ಗುರಿ ಎಷ್ಟೆಂದು ಗೊತ್ತಾದ ಮೇಲೆ ಕೈ ಹಾಗೇ ಓಡುತ್ತದೆ, ಅಲ್ವಾ?

ಈಗ ಕಷ್ಟದ ಭಾಗಕ್ಕೆ ಬರುತ್ತೇನೆ.

ಕೆರೆಗೆ ಹೋಗುವ ದಾರಿಯಲ್ಲಿ ಹಳ್ಳಕ್ಕೆ ಅಡ್ಡ ಒಂದು ಚೆಕ್ ಡ್ಯಾಂ ಇತ್ತು. ಹಿಂದಿನ ಚಳಿಗಾಲದಲ್ಲಿ ಕಟ್ಟಿದ್ದು. ಜೆಸಿಬಿ ಬಂದು ಒಂದೇ ದಿನದಲ್ಲಿ ಅಗೆದದ್ದನ್ನು ಕುರಿ ಕಾಯುವ ಹುಡುಗರು ನೋಡಿದ್ದರು. ಅದರ ಪಕ್ಕದ ನಾಮಫಲಕದಲ್ಲಿ ಉದ್ಯೋಗ ಖಾತ್ರಿ ಎಂದು ಬರೆದಿತ್ತು. ಈ ಯೋಜನೆಯಲ್ಲಿ ಗುತ್ತಿಗೆದಾರರು ಇರುವಂತಿಲ್ಲ, ಕೂಲಿಯವರ ಕೆಲಸ ಕಿತ್ತುಕೊಳ್ಳುವ ಯಂತ್ರವೂ ಇರುವಂತಿಲ್ಲ ಎಂದು ಈಗ ಕಟ್ಟೆಯ ಮೇಲಿನ ಎಲ್ಲರಿಗೂ ಗೊತ್ತಿತ್ತು. ಹಾಗಾದರೆ ಇಲ್ಲಿ ಕೂಲಿ ಮಾಡಿದವರು ಯಾರು?

ಹೆಸರುಗಳು ಸರ್ಕಾರದ ಜಾಲತಾಣದಲ್ಲೇ ಸಿಗುತ್ತಿದ್ದವು. ಆದರೆ ಸಹಿ, ಹೆಬ್ಬೆಟ್ಟು ಇರುತ್ತಿದ್ದದ್ದು ಕೂಲಿಕಾರರ ಹಾಜರಿ ಪಟ್ಟಿಯಾದ ಕಾಗದದ ಎನ್‌ಎಂಆರ್‌ನಲ್ಲಿ. ಅದು ಬೇಕೆಂದರೆ ಮಾಹಿತಿ ಹಕ್ಕು. ಕರ್ನಾಟಕದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. ಮೊದಲು ಇದು ತೊಡಕು ಅನಿಸಿತು. ಆಮೇಲೆ ಅದೇ ನಮಗೆ ಅನುಕೂಲವಾಯಿತು. ಒಬ್ಬರ ಹೆಸರಲ್ಲಿ ಅರ್ಜಿ ಹಾಕಿದರೆ ಆ ಒಬ್ಬರ ಮನೆಗೆ ಸಂಜೆ ಯಾರಾದರೂ ಬರುತ್ತಾರೆ. ಐದು ಹೆಂಗಸರು ಐದು ಅರ್ಜಿ ಹಾಕಿದರು. ಒಬ್ಬಳು ಎನ್‌ಎಂಆರ್ ಪ್ರತಿ, ಒಬ್ಬಳು ಅಳತೆ ಪುಸ್ತಕ, ಒಬ್ಬಳು ಸಾಮಗ್ರಿ ಬಿಲ್ಲು, ಒಬ್ಬಳು ಕಾಮಗಾರಿಯ ಫೋಟೋ, ಒಬ್ಬಳು ಅಂದಾಜು ಪಟ್ಟಿ ಕೇಳಿದಳು. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡಿನವರಿಗೆ ಅದೂ ಇಲ್ಲ. ಕಾರ್ಡಿನ ಜೆರಾಕ್ಸ್ ಲಗತ್ತಿಸಿದೆವು. ಯಾಕೆ ಬೇಕು ಎಂದು ಅಧಿಕಾರಿ ಕೇಳುವಂತಿಲ್ಲ. ಕೇಳಿದರು. "ಕಾರಣ ಹೇಳಬೇಕಾಗಿಲ್ರಿ" ಎಂದು ಐದೂ ಜನ ಒಂದೇ ಮಾತು ಹೇಳಿ ಬಂದರು.

30 ದಿನ ಕಳೆಯಿತು. ಉತ್ತರವಿಲ್ಲ. ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ ಹಾಕಿದೆವು. ಗಡುವು ಮೀರಿದ ಮೇಲೆ ಮಾಹಿತಿಯನ್ನು ಪುಕ್ಕಟೆ ಕೊಡಬೇಕು, ತಡಮಾಡಿದ ಅಧಿಕಾರಿಗೆ ಮಾಹಿತಿ ಆಯೋಗ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ ಹಾಕಬಹುದು ಎಂಬ ಎರಡು ಸಾಲು ಮೇಲ್ಮನವಿಯಲ್ಲಿ ಬರೆದಿದ್ದೆವು. ಜುಲೈ ಕೊನೆಗೆ ಒಂದು ಕಟ್ಟು ಕಾಗದ ಬಂತು.

ಅವತ್ತು ರಾತ್ರಿ ಕಟ್ಟೆಯ ಮೇಲೆ ಕಂದೀಲು ಇಟ್ಟುಕೊಂಡು ಎನ್‌ಎಂಆರ್ ಓದಿದೆ. ಹಳ್ಳದ ಚೆಕ್ ಡ್ಯಾಂ, 31 ಕೂಲಿಕಾರರು, ತಲಾ 12 ದಿನ, ಆಗಿನ ದರ 224. ಒಬ್ಬೊಬ್ಬರಿಗೆ 2,688 ರೂಪಾಯಿ. ಹೆಸರು ಓದತೊಡಗಿದೆ. ಮೂರನೇ ಹೆಸರಿಗೆ ಒಬ್ಬಳು ತಲೆ ತಗ್ಗಿಸಿದಳು. ಐದನೆಯದಕ್ಕೆ ಇನ್ನೊಬ್ಬಳು. 31ರಲ್ಲಿ 22 ಹೆಸರು ನಮ್ಮ ಊರಿನವೇ, ಅರ್ಧಕ್ಕರ್ಧ ಜನ ಅಲ್ಲೇ ಕೂತಿದ್ದರು.

ನಾನು ಓದುವುದನ್ನು ನಿಲ್ಲಿಸಿದೆ. ಯಾರೂ ಮಾತಾಡಲಿಲ್ಲ. ಆಮೇಲೆ ಚಿಗವ್ವ ಹೇಳಿದಳು. ಸುಗ್ಗಿ ಮುಂದೆ ಒಬ್ಬ ಬಂದು ಜಾಬ್ ಕಾರ್ಡು, ಪಾಸ್‌ಬುಕ್ಕು ಕೇಳಿದ್ದ. ಖಾತೆಗೆ ದುಡ್ಡು ಬಂದ ದಿನ ಮೆಷಿನ್ ಮೇಲೆ ಬೆರಳಿಡಲು ಹೇಳಿದ್ದ. ಇನ್ನೂರು ರೂಪಾಯಿ ಕೈಯಲ್ಲಿಟ್ಟಿದ್ದ. "ಕೆಲಸ ಮಾಡದ ಇನ್ನೂರು ಕೊಟ್ರ ಯಾರು ಬ್ಯಾಡ ಅಂತಾರ? ಅದು ನಮ್ಮ ಎರಡು ಸಾವಿರದಾಗಿನ ಇನ್ನೂರು ಅಂತ ನಮಗೇನು ಗೊತ್ತು?" ಎಂದಳು. ಅವಳ ದನಿ ನಡುಗುತ್ತಿತ್ತು. ಆ ಕಾಗದದಲ್ಲಿ ಅವಳ ಹೆಸರಿನ ಮುಂದೆ ಹೆಬ್ಬೆಟ್ಟು ಇತ್ತು. ಚಿಗವ್ವ ಸಾಕ್ಷರತೆಯ ಕ್ಲಾಸಿನಲ್ಲಿ ಸಹಿ ಕಲಿತವಳು. ಅಂದಿನಿಂದ ಎಲ್ಲಿಯೂ ಹೆಬ್ಬೆಟ್ಟು ಒತ್ತಿದವಳಲ್ಲ. "ಇದು ನಂದಲ್ಲ" ಎಂದು ಆ ಗುರುತಿನ ಮೇಲೆ ಉಗುರಿನಿಂದ ಕೆರೆದಳು, ಅಳಿಸಿ ಹೋಗುತ್ತದೇನೋ ಎಂಬಂತೆ.

ಅದಾದ ಮೇಲೆ ನಾಲ್ಕೈದು ದಿನ ಕಟ್ಟೆ ಖಾಲಿ. ಬರುವವರು ಬರಲಿಲ್ಲ. ಇನ್ನೂರು ತೆಗೆದುಕೊಂಡವರಿಗೆ ಕೇಸು ಬೀಳುತ್ತದೆ, ಜಾಬ್ ಕಾರ್ಡು ರದ್ದಾಗುತ್ತದೆ ಎಂಬ ಮಾತು ಊರಲ್ಲಿ ಹರಡಿತು. ಹರಡಿಸಿದವರು ಯಾರೆಂದು ಬೇರೆ ಹೇಳಬೇಕಾಗಿಲ್ಲ. ನನ್ನ ಗಂಡ ಕೂಡ ಗೋವಾದಿಂದ ಫೋನ್ ಮಾಡಿ, ಇಷ್ಟಕ್ಕೇ ಸಾಕು ಮಾಡು ಎಂದರು. ನಾನೂ ಒಂದು ರಾತ್ರಿ ಪೂರ್ತಿ ನಿದ್ದೆ ಮಾಡಲಿಲ್ಲ. ಬೇರೆಯವರ ಕಳ್ಳತನ ಹಿಡಿಯಲು ಹೋಗಿ ನಮ್ಮವರನ್ನೇ ಸಿಕ್ಕಿಸಿಬಿಟ್ಟೆನಾ ಎಂದು ಹೊಟ್ಟೆಯಲ್ಲಿ ಸಂಕಟ.

ಸಂಘಟನೆಯ ಅಕ್ಕನಿಗೆ ಫೋನ್ ಮಾಡಿದೆ. ಅವರು ರಾಜಸ್ಥಾನದ ಕೋಟ್ ಕಿರಾನಾ ಎಂಬ ಊರಿನ ಕಥೆ ಹೇಳಿದರು. 1994ರಲ್ಲಿ ಅಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಮೊದಲ ಜನಸುನ್ವಾಯಿ ನಡೆಸಿದ್ದರು. ಅರುಣಾ ರಾಯ್ ಮತ್ತು ಅವರ ಜೊತೆಗಾರರು ಕಟ್ಟಿದ ಸಂಘಟನೆ ಅದು. ಪಂಚಾಯಿತಿಯ ಲೆಕ್ಕವನ್ನು ಊರವರ ಎದುರು ಗಟ್ಟಿಯಾಗಿ ಓದುವುದು, ಹೆಸರಿದ್ದವರು ಎದ್ದು ನಿಂತು ಹೌದೋ ಅಲ್ಲವೋ ಹೇಳುವುದು, ಅಷ್ಟೇ. ಆಗ ದೇಶದಲ್ಲಿ ಮಾಹಿತಿ ಹಕ್ಕಿನ ಕಾಯ್ದೆಯೇ ಇರಲಿಲ್ಲ. ಮುಂದೆ 2005ರಲ್ಲಿ ಬಂದ ಕಾಯ್ದೆಗೆ ಅಂಥ ಸಭೆಗಳೇ ದಾರಿ ಮಾಡಿದವು. "ಅಲ್ಲಿ ಎದ್ದು ನಿಂತವರೂ ನಿಮ್ಮಂಗ ಹೆದರಿದವರ. ಬಚ್ಚಿಟ್ಟ ಮಾತಿಗೆ ಹೆದರಿಕಿ ಜಾಸ್ತಿ. ನಾವಾಗಿ ಹೇಳಿದ್ರ ನಾವು ಸಾಕ್ಷಿ" ಎಂದರು.

ಇದನ್ನು ಚಿಗವ್ವನಿಗೆ ಹೇಳಿದೆ. ಅವಳು ಏನೂ ಅನ್ನಲಿಲ್ಲ. ಮರುದಿನ ಸಂಜೆ ಅವಳೇ ಮನೆಮನೆಗೆ ಹೋಗಿ 22 ಮನೆಯವರ ಹತ್ತಿರ ಮಾತಾಡಿದಳು. ಅವಳು ಏನು ಹೇಳಿದಳೋ ನನಗೆ ಇವತ್ತಿಗೂ ಪೂರ್ತಿ ಗೊತ್ತಿಲ್ಲ. 14 ಮನೆಯವರು ಒಪ್ಪಿದರು.

ಮಾತಾಡುವ ಜಾಗವೂ ಕಾನೂನಿನಲ್ಲೇ ಇತ್ತು. ನಮ್ಮ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಜಮಾಬಂದಿ ನಡೆಯಬೇಕು. ಹಿಂದಿನ ಆರ್ಥಿಕ ವರ್ಷದ ಜಮೆ, ಖರ್ಚು, ಕಾಮಗಾರಿ ಎಲ್ಲವನ್ನೂ ಜನರ ಎದುರು ಇಡಬೇಕು. ತಾಲ್ಲೂಕಿನಿಂದ ಅಧಿಕಾರಿ ಬರುತ್ತಾರೆ. ಯಾರು ಬೇಕಾದರೂ ಹೋಗಿ ಕಡತ ನೋಡಬಹುದು, ಪ್ರಶ್ನೆ ಕೇಳಬಹುದು, ಕಾಮಗಾರಿ ಜಾಗಕ್ಕೆ ಹೋಗಿ ಪರಿಶೀಲಿಸಿ ಎನ್ನಬಹುದು. 2000ನೇ ಇಸವಿಯಿಂದ ಈ ನಿಯಮ ಇದೆ. ನಮ್ಮ ಪಂಚಾಯಿತಿಯಲ್ಲಿ ಹಿಂದಿನ ವರ್ಷ ಆರೇಳು ಜನ ಕೂತು, ಚಹಾ ಕುಡಿದು, ಸಹಿ ಹಾಕಿ ಮುಗಿಸಿದ್ದರಂತೆ. ಜಮಾಬಂದಿ ಎಂಬ ಪದವನ್ನೇ ಕಟ್ಟೆಯ ಮೇಲೆ ಯಾರೂ ಕೇಳಿರಲಿಲ್ಲ.

ಆ ವರ್ಷ ಪಂಚಾಯಿತಿ ಸಭಾಂಗಣದ ಒಳಗೆ ಜಾಗ ಸಾಲದೆ ಹೊರಗೆ ಜಮಖಾನ ಹಾಸಿದರು. ನೂರೈವತ್ತಕ್ಕೂ ಹೆಚ್ಚು ಜನ. ಅಧಿಕಾರಿ ಕಾಮಗಾರಿಗಳ ಪಟ್ಟಿ ಓದುತ್ತಾ ಹೋದರು. ಹಳ್ಳದ ಚೆಕ್ ಡ್ಯಾಂ ಬಂದಾಗ ಚಿಗವ್ವ ಎದ್ದು ನಿಂತಳು. "ಸಾಹೇಬ್ರ, ಇದರಾಗ ನನ್ನ ಹೆಸರು ಐತಿ. ನಾನು ಅಲ್ಲಿ ಒಂದು ಪುಟ್ಟಿ ಮಣ್ಣೂ ಹೊತ್ತಿಲ್ಲ. ಇನ್ನೂರು ತಗೊಂಡೀನಿ, ಅದು ನನ್ನ ತಪ್ಪು. ಉಳಿದ ದುಡ್ಡು ಎಲ್ಲಿ ಹೋತು ಹೇಳ್ರಿ." ಆಮೇಲೆ ಒಬ್ಬೊಬ್ಬರಾಗಿ ಎದ್ದರು. ಹದಿನಾಲ್ಕು ಜನ ಎಂದಿದ್ದೆವು, ಎದ್ದವರು ಹತ್ತೊಂಬತ್ತು.

ಗಲಾಟೆ ಆಯಿತು. ಸದಸ್ಯರೊಬ್ಬರು ಇದೆಲ್ಲ ರಾಜಕೀಯ ಎಂದರು. ಅಧಿಕಾರಿ ಸಭೆ ಮುಂದೂಡೋಣ ಎಂದರು. ಆಗ ಹಿಂದಿನಿಂದ ನಮ್ಮ ಅತ್ತಿ, "ಜಾಗಕ್ಕ ಹೋಗಿ ಅಳಿಯೂಣ ನಡೀರಿ" ಎಂದಳು. ಇಡೀ ಸಭೆ ಹಳ್ಳಕ್ಕೆ ನಡೆಯಿತು. ಅಧಿಕಾರಿಯ ಹತ್ತಿರ ಟೇಪಿರಲಿಲ್ಲ. ನನ್ನದು ಕೊಟ್ಟೆ. ಅಳತೆ ಪುಸ್ತಕದಲ್ಲಿ ಉದ್ದ 18 ಮೀಟರ್ ಎಂದಿತ್ತು. ಅಂದರೆ ನನ್ನ ಟೇಪನ್ನು ಹನ್ನೆರಡು ಸಲ ಚಾಚಬೇಕು. ಇಬ್ಬರು ಹಿಡಿದು ಚಾಚಿದರು, ಎಲ್ಲರೂ ಒಟ್ಟಿಗೆ ಎಣಿಸಿದರು. ಎಂಟನೇ ಸಲಕ್ಕೆ ಕಲ್ಲು ಮುಗಿಯಿತು. ಮುಂದೆ ಬರೀ ಮರಳು.

ಅಧಿಕಾರಿ ಅಲ್ಲೇ, ಹಳ್ಳದ ದಂಡೆಯ ಮೇಲೆ ನಿಂತು, ಅಳತೆಯನ್ನೂ ಹತ್ತೊಂಬತ್ತು ಜನರ ಹೇಳಿಕೆಯನ್ನೂ ವರದಿಗೆ ಬರೆದುಕೊಂಡರು. ಅದನ್ನು ಓದಿ ಹೇಳಿ ಎಂದೆವು. ಓದಿದರು. ಪ್ರತಿ ಬೇಕು ಎಂದೆವು. ಕೊಟ್ಟರು.

ಎಲ್ಲವೂ ಗೆದ್ದೆವು ಎಂದು ಹೇಳಲಾರೆ. ವಸೂಲಿ ಆದೇಶ ಬರಲು ಮುಂದಿನ ವರ್ಷದವರೆಗೆ ಕಾಯಬೇಕಾಯಿತು, ವಸೂಲಾದದ್ದೂ ಒಂದು ಭಾಗ ಮಾತ್ರ. ಮೇ ತಿಂಗಳಲ್ಲಿ ಕೆಲಸ ಕೇಳಿದ್ದ 16 ಜನರಿಗೆ ಗಡುವು ಮೀರಿ ಒಂಬತ್ತು ದಿನ ತಡವಾಗಿ ಕೆಲಸ ಸಿಕ್ಕಿತ್ತು. ಒಬ್ಬೊಬ್ಬರಿಗೆ 531 ರೂಪಾಯಿ ಭತ್ಯೆ ಬರಬೇಕಿತ್ತು. ಎರಡು ಸಲ ಬರೆದೆವು. ಇವತ್ತಿಗೂ ಬಂದಿಲ್ಲ. ಆ ಅರ್ಜಿಗಳ ಸ್ವೀಕೃತಿ ನನ್ನ ಹೊಲಿಗೆ ಪೆಟ್ಟಿಗೆಯಲ್ಲಿದೆ. ಸಂಘದ ಇಬ್ಬರು ಈಗಲೂ ನನ್ನ ಜೊತೆ ಮಾತಾಡುವುದಿಲ್ಲ, ಅವರ ಮನೆಯವರು ಆ ಚೆಕ್ ಡ್ಯಾಂ ಕಟ್ಟಿಸಿದ ಗುತ್ತಿಗೆದಾರನ ಕಡೆಯವರು. ಮೊದಲು ಅವರ ಮಕ್ಕಳ ಬಟ್ಟೆ ನಾನೇ ಹೊಲಿಯುತ್ತಿದ್ದೆ. ಆ ಬೇಜಾರು ಹೋಗಿಲ್ಲ.

ಆದರೆ ಜಾಬ್ ಕಾರ್ಡುಗಳು ಮನೆಗೆ ವಾಪಸ್ ಬಂದವು. ಕಾರ್ಡು ಆಯಾ ಮನೆಯವರ ಹತ್ತಿರವೇ ಇರಬೇಕು ಎಂದು ಕಾಯ್ದೆ ಹೇಳುತ್ತಿತ್ತು. ಈಗ ಅವು ಟ್ರಂಕಿನಲ್ಲಿ, ಮದುವೆ ಸೀರೆಯ ಕೆಳಗೆ ಇವೆ. ಮರುವರ್ಷ ಬೇಸಿಗೆಯಲ್ಲಿ ನಮ್ಮ ಓಣಿಯಲ್ಲಿ ಬೀಗ ಬಿದ್ದ ಮನೆ ಕಡಿಮೆ. ಗುಳೆ ನಿಂತಿತು ಎಂದಲ್ಲ, ಹೋದವರಲ್ಲಿ ಕೂಸು ಕಟ್ಟಿಕೊಂಡು ಹೋದವರು ಕಡಿಮೆ. ಹೆಂಗಸರು ಊರಲ್ಲೇ ಉಳಿದರು.

ಮೊನ್ನೆ ಪಕ್ಕದ ಊರಿನಿಂದ ಇಬ್ಬರು ಹೆಂಗಸರು ನನ್ನನ್ನು ಹುಡುಕಿಕೊಂಡು ಬಂದಿದ್ದರು. ಅವರ ಪಂಚಾಯಿತಿಯಲ್ಲಿ ಮನೆ ಅರ್ಜಿ ತೆಗೆದುಕೊಂಡು ಏನೂ ಕೊಡದೆ ಕಳಿಸಿದ್ದಾರಂತೆ. ಮದುವೆ ರವಿಕೆಗಳ ಕೆಲಸ ಮೈಮೇಲೆ ಬಿದ್ದಿತ್ತು. ಸ್ವಲ್ಪ ಹೊತ್ತು ಕಟ್ಟೆಯ ಮೇಲೆ ಕೂತಿರಿ ಎಂದೆ. ಕಾಜಾ ಮುಗಿಸಿ ಹೊರಗೆ ಬಂದರೆ ದೊಡ್ಡವ್ವ ಅವರ ನಡುವೆ ಕೂತಿದ್ದಾಳೆ. ಸಂಚಿ ಬಿಚ್ಚಿದ್ದಾಳೆ. ಸುಣ್ಣ ಹತ್ತಿದ ಚೀಟಿಯನ್ನು ತೊಡೆಯ ಮೇಲೆ ಹರಡಿ, ಎಲ್ಲಿ ತಾರೀಖು ಇರಬೇಕು, ಎಲ್ಲಿ ಸೀಲು ಬೀಳಬೇಕು ಎಂದು ಬೆರಳಿಟ್ಟು ತೋರಿಸುತ್ತಿದ್ದಾಳೆ.